ಹೊಸ ಇಂಜಿನ್ನಿನ ಬಿಗಿ, ಹಳೆಯ ಬುದ್ಧಿಮಾತು

ತರೀಕೆರೆಯಿಂದ ಕೆಮ್ಮಣ್ಣುಗುಂಡಿಗೆ ಹೋಗುವ ದಾರಿಯಲ್ಲಿ ಲಿಂಗದಹಳ್ಳಿ ಸಿಗುತ್ತದೆ. ಊರು ದಾಟಿ ಕಲ್ಲತ್ತಿಗಿರಿಯ ಕಡೆಗೆ ಹೊರಳಿದರೆ ರಸ್ತೆ ಏರತೊಡಗುತ್ತದೆ; 1434 ಮೀಟರ್ ಎತ್ತರದ ಗಿರಿಧಾಮ ತಲುಪುವವರೆಗೆ ಇಂಜಿನ್ನಿಗೆ ಬಿಡುವಿಲ್ಲ. ಎರಡು ಸ್ಟ್ರೋಕಿನ ಮೋಟಾರ್ ಸೈಕಲ್ಲುಗಳು ಓಡುತ್ತಿದ್ದ ಕಾಲದಲ್ಲಿ ಹೊಸ ಗಾಡಿ ಕೊಂಡವನಿಗೆ ಇಂಥ ಘಾಟಿ ರಸ್ತೆ ನಿಷಿದ್ಧ. ಪೂಜೆ ಮಾಡಿಸಿ, ಚಕ್ರದಡಿ ನಿಂಬೆಹಣ್ಣು ಇಟ್ಟು ಗಾಡಿ ಹೊರಡಿಸಿದ ಮೇಲೆ ಮೆಕ್ಯಾನಿಕ್ ಹೇಳುತ್ತಿದ್ದ ಮೊದಲ ಮಾತು ಒಂದೇ: ‘ರನ್ನಿಂಗ್ ಇನ್ ಮುಗಿಯೋವರೆಗೆ ನಿಧಾನ’. ಈ ಎರಡು ಇಂಗ್ಲಿಷ್ ಪದಗಳು ಕನ್ನಡದ ಮಾತಿನಲ್ಲಿ ಎಷ್ಟು ಬೆರೆತುಹೋಗಿವೆಯೆಂದರೆ ಅವಕ್ಕೆ ಬೇರೆ ಪದ ಹುಡುಕುವ ಗೋಜಿಗೆ ಯಾರೂ ಹೋದಂತಿಲ್ಲ. ಹೊಸ ಎತ್ತನ್ನು ನೊಗಕ್ಕೆ ಪಳಗಿಸುವುದು ಎನ್ನುತ್ತೇವಲ್ಲ, ಅದೇ ಅರ್ಥ.

ಈ ಬುದ್ಧಿಮಾತು ಸರಿಯಾದದ್ದೇ. ಆದರೆ ಅದೇ ಮಾತನ್ನು ನಂಬಿ ಅಂಗೈಯಗಲದ ಒಂದು ಹೊಸ ಇಂಜಿನ್ನನ್ನು ಒಂದೇ ಸಂಜೆಯಲ್ಲಿ ಹಾಳುಮಾಡಬಹುದು ಎಂಬುದು ಹಲವರಿಗೆ ತಿಳಿಯದು. ರಿಮೋಟ್‌ನಿಂದ ಓಡುವ ಆಟಿಕೆ ಕಾರುಗಳಲ್ಲಿ ಒಂದು ಜಾತಿಯದು ಬ್ಯಾಟರಿಯಿಂದಲ್ಲ, ನಿಜವಾದ ಇಂಧನದಿಂದ ಓಡುತ್ತದೆ. ‘ನೈಟ್ರೋ ಕಾರು’ ಎಂದು ಅದರ ಹೆಸರು. ಆಟಿಕೆ ಎಂದೆನಾದರೂ ಇದು ಮಕ್ಕಳ ಕೈಗೆ ಕೊಟ್ಟು ಮರೆಯುವ ವಸ್ತುವಲ್ಲ. ಎರಡು ಸಿಸಿಯಿಂದ ಮೂರೂವರೆ ಸಿಸಿಯಷ್ಟು ಪುಟ್ಟ ಇಂಜಿನ್, ನಿಮಿಷಕ್ಕೆ ಮೂವತ್ತು ಸಾವಿರ ಸುತ್ತು ತಿರುಗಬಲ್ಲದು. ಎಂದರೆ ಸೆಕೆಂಡಿಗೆ ಐನೂರು ಬಾರಿ ಪಿಸ್ಟನ್ ಮೇಲೆ ಹೋಗಿ ಕೆಳಗೆ ಬರುತ್ತದೆ. ಹಳೆಯ ಜಾವಾ ಇಂಜಿನ್ ತನ್ನ ಪೂರ್ಣ ಶಕ್ತಿ ತೋರುತ್ತಿದ್ದದ್ದು ಐದು ಸಾವಿರ ಸುತ್ತುಗಳ ಆಸುಪಾಸಿನಲ್ಲಿ.

ಬೆಂಗಳೂರಿನಲ್ಲಿ ಕೆಲಸಕ್ಕಿರುವ ಅಣ್ಣನೊಬ್ಬ ಇಂಥ ಕಾರನ್ನು ಲಿಂಗದಹಳ್ಳಿಯ ಮನೆಗೆ ತಂದ ಎಂದಿಟ್ಟುಕೊಳ್ಳಿ. ಡಿಸೆಂಬರಿನ ಬೆಳಗು, ಬಾಬಾಬುಡನ್ ಬೆಟ್ಟದ ಕಡೆಯಿಂದ ತಣ್ಣನೆಯ ಗಾಳಿ. ತಮ್ಮ ಹಗ್ಗ ಎಳೆದು ಇಂಜಿನ್ ಚಾಲೂ ಮಾಡಲು ನೋಡುತ್ತಾನೆ. ಹಗ್ಗ ಅರ್ಧಕ್ಕೆ ಬಂದು ಗಕ್ಕನೆ ನಿಲ್ಲುತ್ತದೆ. ಇನ್ನೊಮ್ಮೆ ಬಲವಾಗಿ ಎಳೆದರೆ ಹಗ್ಗವೇ ಕಿತ್ತು ಬರುತ್ತದೆ. ಇಂಜಿನ್ ಜಾಮ್ ಆಗಿದೆ, ಅಂಗಡಿಯವ ಮೋಸ ಮಾಡಿದ ಎಂಬ ತೀರ್ಮಾನಕ್ಕೆ ಮನೆಯವರೆಲ್ಲ ಬರುತ್ತಾರೆ. ವಾಸ್ತವದಲ್ಲಿ ಇಂಜಿನ್ ಸರಿಯಾಗಿಯೇ ಇದೆ. ಅದು ಹುಟ್ಟಿದ್ದೇ ಹಾಗೆ, ಹಾಗೆ ಇರಬೇಕೆಂದೇ ಅದನ್ನು ಮಾಡಿದ್ದಾರೆ.

ಇದನ್ನು ತಿಳಿಯಲು ಮೊದಲು ಮೈಸೂರಿನ ಕಡೆಗೆ ಹೋಗಬೇಕು.

ಫಾರೂಖ್ ಇರಾನಿ ಮತ್ತು ಅವರ ಸಂಗಡಿಗರ ಐಡಿಯಲ್ ಜಾವಾ ಕಂಪನಿ ಮೈಸೂರಿನ ಯಾದವಗಿರಿಯಲ್ಲಿ 1961ರಲ್ಲಿ ಕಾರ್ಖಾನೆ ತೆರೆಯಿತು. ಜಯಚಾಮರಾಜ ಒಡೆಯರ ಬೆಂಬಲ ಅದಕ್ಕಿತ್ತು. ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿಯಲ್ಲಿ ತಯಾರಾದ 250 ಸಿಸಿಯ ಈ ಎರಡು ಸ್ಟ್ರೋಕಿನ ಗಾಡಿ 1970ರ ದಶಕದಲ್ಲಿ ಯೆಜ್ಡಿ ಎಂದು ಹೆಸರು ಬದಲಿಸಿಕೊಂಡಿತು. 1996ರಲ್ಲಿ ಕಾರ್ಖಾನೆ ಮುಚ್ಚುವವರೆಗೂ ತಯಾರಾಗುತ್ತಿತ್ತು. ಎರಡು ಸೈಲೆನ್ಸರುಗಳ ಆ ‘ಡುಗ್ ಡುಗ್’ ಸದ್ದನ್ನು ಕೇಳಿ ಬೆಳೆದವರು ಹಳೆ ಮೈಸೂರಿನಲ್ಲಿ ಈಗಲೂ ಲಕ್ಷಾಂತರ ಮಂದಿ ಇದ್ದಾರೆ. ನಮ್ಮ ರಾಜ್ಯದ ರನ್ನಿಂಗ್ ಇನ್ ಪಾಂಡಿತ್ಯದ ಬಹುಪಾಲು ಈ ಗಾಡಿಯ ಸವಾರರಿಂದ, ಅದನ್ನು ರಿಪೇರಿ ಮಾಡಿದವರಿಂದ ಬಂದದ್ದು ಎಂದರೆ ತಪ್ಪಾಗದು.

ಜಾವಾದ ಸಿಲಿಂಡರ್ ಎರಕದ ಕಬ್ಬಿಣದ್ದು. ಅದರೊಳಗೆ ಓಡಾಡುವ ಪಿಸ್ಟನ್ ಅಲ್ಯೂಮಿನಿಯಂ ಮಿಶ್ರಲೋಹದ್ದು. ಕಾದಾಗ ಎಲ್ಲ ಲೋಹಗಳೂ ಹಿಗ್ಗುತ್ತವೆ. ಆದರೆ ಒಂದೇ ಪ್ರಮಾಣದಲ್ಲಲ್ಲ. ಒಂದು ಮೀಟರ್ ಉದ್ದದ ಕಬ್ಬಿಣದ ಸರಳು ಒಂದು ಡಿಗ್ರಿ ಕಾದರೆ ಮಿಲಿಮೀಟರಿನ ಸಾವಿರದಲ್ಲಿ ಹನ್ನೊಂದು ಹನ್ನೆರಡು ಭಾಗ ಹಿಗ್ಗುತ್ತದೆ. ಅಲ್ಯೂಮಿನಿಯಂ ಅದರ ಸುಮಾರು ಎರಡರಷ್ಟು, ಇಪ್ಪತ್ತಮೂರು ಭಾಗ ಹಿಗ್ಗುತ್ತದೆ. ಹಾಗಾಗಿ ಜಾವಾ ಪಿಸ್ಟನ್ನನ್ನು ಸಿಲಿಂಡರಿಗಿಂತ ಸ್ವಲ್ಪ ಚಿಕ್ಕದಾಗಿ ಮಾಡಿ, ನಡುವಿನ ಸಂದನ್ನು ಮುಚ್ಚಲು ಉಂಗುರಗಳನ್ನು ತೊಡಿಸಬೇಕು. ತಣ್ಣಗಿರುವಾಗ ಪಿಸ್ಟನ್ ಸಡಿಲ. ಕಾಯುತ್ತಾ ಹೋದಂತೆ ಹಿಗ್ಗಿ ಬಿಗಿಯಾಗುತ್ತದೆ. ಹೊಸದರಲ್ಲಿ ಉಂಗುರಗಳೂ ಸಿಲಿಂಡರಿನ ಗೋಡೆಯೂ ಒಂದಕ್ಕೊಂದು ಉಜ್ಜಿ ನುಣುಪಾಗುವ ಮೊದಲೇ ಗಾಡಿಯನ್ನು ಘಾಟಿ ಹತ್ತಿಸಿದರೆ ಉಜ್ಜಾಟದ ಬಿಸಿಗೆ ಪಿಸ್ಟನ್ ಇನ್ನಷ್ಟು ಉಬ್ಬಿ ಗೋಡೆಗೆ ಕಚ್ಚಿಕೊಳ್ಳುತ್ತದೆ. ‘ಇಂಜಿನ್ ಸೀಜ್ ಆಯ್ತು’ ಎಂಬ ಮಾತು ಇದೇ. ಓಡುತ್ತಿರುವಾಗಲೇ ಹಿಂದಿನ ಚಕ್ರ ಲಾಕ್ ಆಗಿ ಸವಾರ ರಸ್ತೆಯ ಮೇಲೆ ಬಿದ್ದ ಉದಾಹರಣೆಗಳಿಗೆ ಲೆಕ್ಕವಿಲ್ಲ. ಅನುಭವಿ ಸವಾರರು ಎರಡು ಬೆರಳನ್ನು ಸದಾ ಕ್ಲಚ್ಚಿನ ಮೇಲೆ ಇಟ್ಟಿರುತ್ತಿದ್ದದ್ದು ಶೋಕಿಗಲ್ಲ.

ಆದ್ದರಿಂದ ನಿಧಾನ ಓಡಿಸು, ಬಿಸಿಯಾಗಲು ಬಿಡಬೇಡ, ಪೆಟ್ರೋಲಿಗೆ ಎಣ್ಣೆ ಸ್ವಲ್ಪ ಹೆಚ್ಚೇ ಬೆರೆಸು, ಆಗಾಗ ನಿಲ್ಲಿಸಿ ತಣಿಯಲು ಬಿಡು. ಈ ಶಾಸ್ತ್ರವೆಲ್ಲ ‘ಕಾದಾಗ ಬಿಗಿಯಾಗುವ’ ಇಂಜಿನ್ನಿನದು. ಅಡಕೆ ತೋಟದಲ್ಲಿ ಕಳೆ ಕೊಚ್ಚುವ ಯಂತ್ರ, ಔಷಧಿ ಸಿಂಪಡಿಸುವ ಪವರ್ ಸ್ಪ್ರೇಯರ್ ಇವುಗಳಲ್ಲೂ ಉಂಗುರ ತೊಟ್ಟ ಪಿಸ್ಟನ್ನೇ ಇರುವುದರಿಂದ ಅವಕ್ಕೂ ಇದೇ ಹೊಂದುತ್ತದೆ. ಹೊಸ ಯಂತ್ರವನ್ನು ಮೊದಲ ದಿನವೇ ಎದೆಯುದ್ದದ ಹುಲ್ಲಿಗೆ ನುಗ್ಗಿಸಿ ಇಡೀ ಮಧ್ಯಾಹ್ನ ಓಡಿಸುವ ತೋಟದವರು ಇದನ್ನು ನೆನಪಿಡುವುದು ಒಳ್ಳೆಯದು.

ನೈಟ್ರೋ ಇಂಜಿನ್ನಿನ ಕಥೆ ಇದಕ್ಕೆ ನೇರ ತಿರುವುಮುರುವು. ಅಲ್ಲಿ ಸಾಮಾನ್ಯವಾಗಿ ಉಂಗುರವೇ ಇಲ್ಲ. ಇಂಜಿನ್ನಿನ ಪೆಟ್ಟಿಗೆಯ ಮೇಲೆ ‘ಎಬಿಸಿ’ ಎಂದು ಬರೆದಿರುತ್ತದೆ: ಅಲ್ಯೂಮಿನಿಯಂ ಪಿಸ್ಟನ್, ಹಿತ್ತಾಳೆಯ ಕೊಳವೆ, ಕೊಳವೆಯ ಒಳಮೈಗೆ ಕ್ರೋಮಿಯಂ ಲೇಪ. 1960ರ ದಶಕದಲ್ಲಿ ಪುಟ್ಟ ವಿಮಾನ ಮಾದರಿಗಳ ವೇಗ ಸ್ಪರ್ಧೆಗಳಿಂದ ಬಳಕೆಗೆ ಬಂದ ಜೋಡಣೆ ಇದು. ಇದರ ಪಿಸ್ಟನ್ನಿಗೆ ಬಳಸುವ ಅಲ್ಯೂಮಿನಿಯಮ್ಮಿನಲ್ಲಿ ಸಿಲಿಕಾನ್ ಹೆಚ್ಚು. ಅದರಿಂದ ಅದರ ಹಿಗ್ಗುವಿಕೆ ಕಡಿಮೆಯಾಗಿರುತ್ತದೆ. ಹಿತ್ತಾಳೆಯೋ ಕಬ್ಬಿಣಕ್ಕಿಂತ ಎಷ್ಟೋ ಹೆಚ್ಚು, ಡಿಗ್ರಿಗೆ ಹತ್ತೊಂಬತ್ತು ಭಾಗದಷ್ಟು ಹಿಗ್ಗುತ್ತದೆ. ಮೇಲಾಗಿ ಕೊಳವೆಯ ಒಳಬದಿ ನೇರ ಉರುಳೆಯಲ್ಲ. ಮೇಲಕ್ಕೆ ಹೋದಂತೆ ಕಣ್ಣಿಗೆ ಕಾಣದಷ್ಟು ಕಿರಿದಾಗುತ್ತದೆ. ತಣ್ಣಗಿರುವಾಗ ಪಿಸ್ಟನ್ ಮೇಲಿನ ತುದಿಗೆ ಬಂದಾಗ ಅಲ್ಲಿ ಸಿಕ್ಕಿಕೊಂಡು ನಿಲ್ಲುತ್ತದೆ. ಇಂಜಿನ್ ಓಡುವಾಗ ಕೊಳವೆಯ ಮೇಲ್ತುದಿಯೇ ಹೆಚ್ಚು ಕಾಯುವುದರಿಂದ ಅಲ್ಲಿಯೇ ಹೆಚ್ಚು ಹಿಗ್ಗಿ, ಕಿರಿದಾಗಿದ್ದ ಬಾಯಿ ಅಗಲವಾಗಿ, ಪಿಸ್ಟನ್ ಸಲೀಸಾಗಿ ಓಡಾಡುತ್ತದೆ. ಹದಿನಾರು ಮಿಲಿಮೀಟರ್ ವ್ಯಾಸದ ಹಿತ್ತಾಳೆಯ ಕೊಳವೆ ಎಂಬತ್ತು ಡಿಗ್ರಿ ಹೆಚ್ಚು ಕಾದರೆ ಅದರ ವ್ಯಾಸ ಮಿಲಿಮೀಟರಿನ ಸಾವಿರದಲ್ಲಿ ಸುಮಾರು ಇಪ್ಪತ್ತನಾಲ್ಕು ಭಾಗ ಹೆಚ್ಚುತ್ತದೆ. ತಲೆಗೂದಲಿನ ದಪ್ಪದ ಮೂರನೆಯ ಒಂದು ಭಾಗದಷ್ಟು! ಇಂಜಿನ್ನಿನ ಆಯುಷ್ಯವೆಲ್ಲ ಇಷ್ಟು ಸಣ್ಣ ಅಂತರದೊಳಗೆ ಇದೆ.

ಎತ್ತಿನ ಗಾಡಿಯ ಚಕ್ರಕ್ಕೆ ಕಮ್ಮಾರ ಕಬ್ಬಿಣದ ಪಟ್ಟಿ ತೊಡಿಸುವುದನ್ನು ನೋಡಿದವರಿಗೆ ಇದು ಹೊಸ ವಿಷಯವಲ್ಲ. ಪಟ್ಟಿ ಚಕ್ರಕ್ಕಿಂತ ತುಸು ಚಿಕ್ಕದಾಗಿಯೇ ಇರುತ್ತದೆ. ಸುತ್ತ ಬೆರಣಿಯ ಬೆಂಕಿ ಹಾಕಿ ಕೆಂಪಗೆ ಕಾಯಿಸಿದಾಗ ಹಿಗ್ಗುತ್ತದೆ; ಇಕ್ಕಳದಲ್ಲಿ ಹಿಡಿದು ಚಕ್ರದ ಮೇಲೆ ಕೂರಿಸಿ ನೀರು ಹೊಯ್ದರೆ ಚುಂಯ್ ಎಂದು ಕುಗ್ಗಿ ಮರವನ್ನು ಅಪ್ಪಿ ಹಿಡಿಯುತ್ತದೆ. ತಣ್ಣನೆಯ ಪಟ್ಟಿಯನ್ನು ಸುತ್ತಿಗೆಯಿಂದ ಬಡಿದು ಚಕ್ರಕ್ಕೆ ಏರಿಸಲು ಯಾವ ಕಮ್ಮಾರನೂ ಹೋಗುವುದಿಲ್ಲ. ತಣ್ಣನೆಯ ನೈಟ್ರೋ ಇಂಜಿನ್ನಿನ ಹಗ್ಗವನ್ನು ಜೋರಾಗಿ ಎಳೆಯುವ ಹುಡುಗ ಮಾಡುತ್ತಿರುವುದು ಅದನ್ನೇ.

ಹೀಗೆ ಎಳೆದಾಗ ಮೊದಲು ಕೆಡುವುದು ಹಗ್ಗದ ಸ್ಟಾರ್ಟರ್. ಆಮೇಲೆ, ಹೊರಗೆ ಕಾಣದಂತೆ, ಪಿಸ್ಟನ್ನಿನ ಕೆಳಗಿರುವ ಕನೆಕ್ಟಿಂಗ್ ರಾಡ್. ಮೇಲ್ತುದಿಯಲ್ಲಿ ಸಿಕ್ಕಿಕೊಂಡ ಪಿಸ್ಟನ್ನನ್ನು ಕಿತ್ತು ತರುವ ಬಲವೆಲ್ಲ ಅದರ ಪುಟ್ಟ ಕಣ್ಣುಗಳ ಮೇಲೆ ಬೀಳುತ್ತದೆ. ಇಂಜಿನ್ ಹೇಗೋ ಚಾಲೂ ಆಯಿತೆನ್ನಿ, ‘ನಿಧಾನ, ತಣ್ಣಗೆ’ ಎಂಬ ಜಾವಾ ಶಾಸ್ತ್ರ ಪಾಲಿಸಿದರೆ ಆಗುವ ಹಾನಿ ಇನ್ನೂ ದೊಡ್ಡದು. ಇಂಧನ ಅತಿಯಾಗಿ ಬಿಟ್ಟು ತಣ್ಣಗೆ ಓಡಿಸಿದಾಗ ಕೊಳವೆ ಹಿಗ್ಗುವುದೇ ಇಲ್ಲ. ಪ್ರತಿ ಸುತ್ತಿನಲ್ಲೂ ಪಿಸ್ಟನ್ ಆ ಕಿರಿದಾದ ಬಾಯಿಗೆ ಗುದ್ದಿ ತನ್ನ ಅಂಚನ್ನು ಸವೆಸಿಕೊಳ್ಳುತ್ತದೆ. ಒಂದೆರಡು ಟ್ಯಾಂಕ್ ಇಂಧನ ಮುಗಿಯುವಷ್ಟರಲ್ಲಿ ಕೈಗೆ ಹಾಯೆನಿಸುವಷ್ಟು ಸಡಿಲವಾಗುತ್ತದೆ. ಪಳಗಿತು ಎಂದು ಹುಡುಗ ಸಂತೋಷಪಡುತ್ತಾನೆ. ಪಳಗಿದ್ದಲ್ಲ, ಮುಪ್ಪಾದದ್ದು. ಉಂಗುರವಿಲ್ಲದ ಈ ಇಂಜಿನ್ನಿನಲ್ಲಿ ಒತ್ತಡ ಹಿಡಿದಿಡುವುದು ಆ ಬಿಗಿಯೊಂದೇ. ಅದು ಹೋದರೆ ಪಿಸ್ಟನ್ನನ್ನೂ ಕೊಳವೆಯನ್ನೂ ಜೊತೆಯಾಗಿ ಬದಲಿಸಬೇಕು. ಇಂಜಿನ್ನಿನ ಬೆಲೆಯಲ್ಲಿ ದೊಡ್ಡ ಪಾಲು ಅದಕ್ಕೇ ಹೋಗುತ್ತದೆ.

ಹಾಗಾದರೆ ಮಾಡಬೇಕಾದದ್ದೇನು? ಮೊದಲು ಇಂಜಿನ್ನನ್ನು ಕಾಯಿಸಬೇಕು. ಕೂದಲು ಒಣಗಿಸುವ ಹೇರ್ ಡ್ರೈಯರಿನ ಬಿಸಿಗಾಳಿಯನ್ನು ಇಂಜಿನ್ನಿನ ತಲೆಗೆ ಕೆಲವು ನಿಮಿಷ ಹಿಡಿದರೆ ಮುಟ್ಟಲಾಗದಷ್ಟು ಬಿಸಿಯಾಗುತ್ತದೆ. ಬೆಂಕಿಕಡ್ಡಿ, ಸ್ಟವ್ ಇವುಗಳ ಯೋಚನೆ ಬೇಡ; ಕಾರಣ ಮುಂದೆ ಹೇಳುತ್ತೇನೆ. ತಲೆಯ ಮೇಲಿನ ಗ್ಲೋ ಪ್ಲಗ್ಗನ್ನು ಬಿಚ್ಚಿ ಆ ತೂತಿನಿಂದ ಎರಡು ಹನಿ ಎಣ್ಣೆ ಬಿಟ್ಟು, ಪ್ಲಗ್ ಇಲ್ಲದೆಯೇ ಹಗ್ಗವನ್ನು ಒಂದೆರಡು ಬಾರಿ ಎಳೆದು ನೋಡಬೇಕು. ಸಲೀಸಾಗಿ ತಿರುಗಿದರೆ ಪ್ಲಗ್ಗನ್ನು ಮತ್ತೆ ಕೂರಿಸಬಹುದು. ಮೊದಲ ಸಲಕ್ಕೆ ಪ್ಲಗ್ಗನ್ನು ಪೂರ್ತಿ ಬಿಗಿಯದೆ ಕಾಲು ಸುತ್ತು ಸಡಿಲ ಬಿಟ್ಟರೆ ಸ್ವಲ್ಪ ಒತ್ತಡ ಅಲ್ಲಿಂದ ಸೋರಿ ಇಂಜಿನ್ ಬೇಗ ಹಿಡಿಯುತ್ತದೆ. ಹಿಡಿದ ಕೂಡಲೇ ಬಿಗಿದರಾಯಿತು. ಹಗ್ಗವನ್ನು ಪೂರ್ತಿ ಉದ್ದಕ್ಕೆ ಎಳೆಯುವುದು ಯಾವತ್ತೂ ಕೂಡದು. ಒಂದು ಗೇಣಿನಷ್ಟು, ಚುರುಕಾಗಿ, ಮತ್ತೆ ಮತ್ತೆ.

ಇಷ್ಟಾದರೂ ಗಕ್ಕನೆ ನಿಂತರೆ ಒಳಗೆ ಇಂಧನ ತುಂಬಿಕೊಂಡಿದೆ ಎಂದರ್ಥ. ದ್ರವವನ್ನು ಹಿಚುಕಿ ಕುಗ್ಗಿಸಲು ಬರುವುದಿಲ್ಲವಾದ್ದರಿಂದ ಪಿಸ್ಟನ್ ಮೇಲೇರಲಾರದು. ಪ್ಲಗ್ ಬಿಚ್ಚಿ ಕಾರನ್ನು ತಲೆಕೆಳಗು ಮಾಡಿ ಹಗ್ಗ ಎಳೆದರೆ ಇಂಧನ ಚಿಮ್ಮಿ ಹೊರಬರುತ್ತದೆ. ಆಗ ಮುಖವನ್ನು ದೂರ ಇಟ್ಟುಕೊಳ್ಳಿ.

ಗ್ಲೋ ಪ್ಲಗ್ ಬಗ್ಗೆ ಒಂದು ಮಾತು. ಮೋಟಾರ್ ಸೈಕಲ್ಲಿನ ಪ್ಲಗ್ಗಿನಂತೆ ಇದರಲ್ಲಿ ಕಿಡಿ ಹಾರುವುದಿಲ್ಲ. ಪ್ಲಾಟಿನಂ ಬೆರೆತ ಸುರುಳಿ ತಂತಿಯೊಂದು ಇರುತ್ತದೆ. ಒಂದೂವರೆ ವೋಲ್ಟಿನ ಪುಟ್ಟ ಬ್ಯಾಟರಿ ಹಿಡಿದರೆ ಕೆಂಪಗಾಗುತ್ತದೆ. ಒಮ್ಮೆ ಇಂಜಿನ್ ಚಾಲೂ ಆದ ಮೇಲೆ ಬ್ಯಾಟರಿ ತೆಗೆದರೂ ತಂತಿ ಕೆಂಪಗೇ ಉಳಿಯುತ್ತದೆ. ಪ್ರತಿ ಸುತ್ತಿನ ಉರಿಯ ಬಿಸಿ ಒಂದು ಕಾರಣವಾದರೆ, ಮೆಥನಾಲ್ ಪ್ಲಾಟಿನಮ್ಮಿನ ಮೈಗೆ ತಾಗಿದಾಗ ತಾನಾಗಿ ಉರಿಯುವ ರಾಸಾಯನಿಕ ಗುಣ ಇನ್ನೊಂದು. ಅಮೆರಿಕದ ರೇ ಆರ್ಡನ್ 1940ರ ದಶಕದ ಕೊನೆಯಲ್ಲಿ ಇದನ್ನು ಮಾರುಕಟ್ಟೆಗೆ ತಂದ ಮೇಲೆ ಪುಟ್ಟ ಇಂಜಿನ್ನುಗಳು ಕಾಯಿಲ್, ಕಂಡೆನ್ಸರ್, ಬ್ಯಾಟರಿಗಳ ಹೊರೆಯಿಂದ ಮುಕ್ತವಾದವು. ನಮ್ಮಲ್ಲಿ ಎನ್‌ಸಿಸಿಯ ವಾಯು ವಿಭಾಗದಲ್ಲಿದ್ದವರಿಗೆ ಏರೋಮಾಡೆಲಿಂಗ್ ತರಗತಿಗಳಿಂದ ಇಂಥ ಪುಟ್ಟ ಇಂಜಿನ್ನುಗಳ ಪರಿಚಯ ಇದ್ದೀತು.

ಚಾಲೂ ಆದ ಮೇಲೆ ಇಂಧನದ ಸೂಜಿಯನ್ನು ಸ್ವಲ್ಪ ತೆರೆದೇ ಇಡಬೇಕು; ಹಿಂದಿನಿಂದ ನೀಲಿ ಹೊಗೆ ಧಾರಾಳವಾಗಿ ಬರುತ್ತಿರಬೇಕು. ಎಣ್ಣೆ ಸಾಕಷ್ಟು ಹೋಗುತ್ತಿದೆ ಎಂಬುದರ ಗುರುತು ಅದು. ಆದರೆ ತಲೆಯ ಬಿಸಿ ತೊಂಬತ್ತರಿಂದ ನೂರೈದು ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಉಳಿಯಬೇಕು. ಈ ಎರಡನ್ನೂ ಒಟ್ಟಿಗೆ ಸಾಧಿಸುವುದೇ ಕಸುಬು. ಲಿಂಗದಹಳ್ಳಿಯ ಡಿಸೆಂಬರ್ ಬೆಳಗಿನಂಥ ಹವೆಯಲ್ಲಿ ತಲೆ ಬೇಗ ಆರಿಹೋಗುವುದರಿಂದ ಅದರ ರೆಕ್ಕೆಗಳ ಸುತ್ತ ಅಲ್ಯೂಮಿನಿಯಂ ಹಾಳೆ ಸುತ್ತುವುದುಂಟು. ಬಿಸಿ ಅಳೆಯಲು ದೂರದಿಂದಲೇ ಹಿಡಿಯುವ ಥರ್ಮಾಮೀಟರುಗಳಿವೆ. ಅದಿಲ್ಲದಿದ್ದರೆ ದೋಸೆ ಹೊಯ್ಯುವವರ ಉಪಾಯ ಸಾಕು. ತಲೆಯ ಮೇಲೆ ಒಂದು ಹನಿ ನೀರು ಬಿಡಿ. ಹನಿ ಸುಮ್ಮನೆ ಕೂತಿದ್ದರೆ ಇಂಜಿನ್ ತಣ್ಣಗಿದೆ. ಸುಯ್ಯೆಂದು ಮೂರು ನಾಲ್ಕು ಸೆಕೆಂಡಿನಲ್ಲಿ ಆರಿದರೆ ಹದ. ಬಿದ್ದ ಕ್ಷಣವೇ ಸಿಡಿದು ಮಾಯವಾದರೆ ಕಾವಲಿ ಕಾದದ್ದು ಹೆಚ್ಚಾಯಿತು.

ಒಂದು ಟ್ಯಾಂಕಿನಷ್ಟು ಇಂಧನವನ್ನು ಸಮತಟ್ಟಾದ ಜಾಗದಲ್ಲಿ, ವೇಗವನ್ನು ಏರಿಸುತ್ತ ಇಳಿಸುತ್ತ ಓಡಿಸಿ, ನಿಲ್ಲಿಸಿ, ಪೂರ್ತಿ ತಣಿಯಲು ಬಿಡಬೇಕು. ಹೀಗೆ ನಾಲ್ಕೈದು ಬಾರಿ. ಕಾದು ತಣಿಯುವ ಈ ಆವರ್ತನೆಗಳಲ್ಲಿ ಪಿಸ್ಟನ್ನೂ ಕೊಳವೆಯೂ ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಮೊದಲ ಟ್ಯಾಂಕನ್ನು ನಿಂತಲ್ಲೇ ಗುರುಗುಡಿಸಿ ಮುಗಿಸಬೇಕೆಂದು ಕೆಲವು ತಯಾರಕರ ಪುಸ್ತಿಕೆಗಳು ಹೇಳುತ್ತವೆ. ಇನ್ನು ಕೆಲವು ಮೊದಲಿನಿಂದಲೇ ಓಡಿಸಿ ಎನ್ನುತ್ತವೆ. ನಿಂತಲ್ಲೇ ಗುರುಗುಡಿಸುವುದರಲ್ಲಿ ಇಂಜಿನ್ ತಣ್ಣಗಾಗುವ ಅಪಾಯ ಹೆಚ್ಚು ಎಂದು ನನಗನ್ನಿಸುತ್ತದೆ. ಏನೇ ಇರಲಿ, ಉಂಗುರವಿರುವ ಪುಟ್ಟ ಇಂಜಿನ್ನುಗಳೂ ಇರುವುದರಿಂದ ಪೆಟ್ಟಿಗೆಯೊಳಗಿನ ಪುಸ್ತಿಕೆಯನ್ನು ಓದದೆ ಹಗ್ಗಕ್ಕೆ ಕೈ ಹಾಕಬಾರದು. ಎತ್ತರದ ವಿಷಯವೂ ಇದೆ. ಲಿಂಗದಹಳ್ಳಿಯಲ್ಲಿ ಸರಿಹೊಂದಿಸಿದ ಸೂಜಿ ಕೆಮ್ಮಣ್ಣುಗುಂಡಿಯಲ್ಲಿ ಸರಿಯಿರುವುದಿಲ್ಲ. ಮೇಲೆ ಗಾಳಿ ತೆಳು. ಅದೇ ಸೂಜಿಗೆ ಇಂಧನದ ಪಾಲು ಹೆಚ್ಚಾಗಿ ಇಂಜಿನ್ ಮಂಕಾಗುತ್ತದೆ.

ಇನ್ನು ಇಂಧನ. ಈ ಇಡೀ ಹವ್ಯಾಸದಲ್ಲಿ ನಿಜವಾಗಿ ಹೆದರಬೇಕಾದದ್ದು ಇದಕ್ಕೆ. ಡಬ್ಬಿಯಲ್ಲಿರುವುದರ ಬಹುಭಾಗ ಮೆಥನಾಲ್, ಅಂದರೆ ಮೀಥೈಲ್ ಆಲ್ಕೋಹಾಲ್. 1981ರಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತ ದುರಂತಕ್ಕೆ ಕಾರಣವಾದ ವಿಷ ಇದೇ. ಕುಡಿದವರಲ್ಲಿ ಬದುಕಿ ಉಳಿದವರ ಕಣ್ಣು ಹೋಗುವ ಸಂಭವವೂ ಇದೆ. ಚರ್ಮದ ಮೂಲಕವೂ ಒಳಸೇರುತ್ತದೆ, ಆವಿಯ ಮೂಲಕವೂ. ಇಂಧನವನ್ನು ನೀರಿನ ಬಾಟಲಿಗೋ ತಂಪು ಪಾನೀಯದ ಬಾಟಲಿಗೋ ಬಗ್ಗಿಸಿ ಅಡುಗೆಮನೆಯ ಶೆಲ್ಫಿನಲ್ಲಿ ಇಡುವುದು ಕೊಲೆಗೆ ಸಮ. ಮೆಥನಾಲಿನ ಉರಿ ಹಗಲ ಬೆಳಕಿನಲ್ಲಿ ಕಾಣುವುದೇ ಇಲ್ಲ ಎಂಬುದು ಇನ್ನೊಂದು ಅಪಾಯ. ಬೆಂಕಿ ಹತ್ತಿದ್ದು ತಿಳಿಯುವುದು ಕೈ ಸುಟ್ಟ ಮೇಲೆ. ಬೆಂಕಿಕಡ್ಡಿ, ಸ್ಟವ್ ಬೇಡವೆಂದದ್ದು ಇದಕ್ಕಾಗಿ. ನೂರಕ್ಕೆ ಹತ್ತರಿಂದ ಮೂವತ್ತರಷ್ಟು ಬೆರೆಸುವ ನೈಟ್ರೋಮೀಥೇನ್ ತನ್ನೊಳಗೇ ಆಮ್ಲಜನಕ ಇಟ್ಟುಕೊಂಡಿರುವುದರಿಂದ ಒಂದೇ ಉಸಿರು ಗಾಳಿಗೆ ಹೆಚ್ಚು ಇಂಧನ ಉರಿಸಬಹುದು. ‘ನೈಟ್ರೋ’ ಹೆಸರು ಬಂದದ್ದು ಅಲ್ಲಿಂದ.

ಉಳಿದದ್ದು ಎಣ್ಣೆ. ಅದರಲ್ಲೊಂದು ನಮ್ಮ ಮನೆಯದೇ: ಹರಳೆಣ್ಣೆ. ಮೈಸೂರು ಸೀಮೆಯ ರಾಗಿ ಹೊಲಗಳ ಬದುವಿನಲ್ಲಿ ಬೆಳೆಯುವ, ಉತ್ತರ ಕರ್ನಾಟಕದವರು ಔಡಲ ಎನ್ನುವ ಹರಳಿನ ಎಣ್ಣೆ. ಶನಿವಾರ ತಲೆಗೆ ಹಚ್ಚಿ ಅಜ್ಜಿ ತಟ್ಟುತ್ತಿದ್ದ ಈ ಎಣ್ಣೆ ಮೊದಲ ಮಹಾಯುದ್ಧದ ವಿಮಾನಗಳ ಇಂಜಿನ್ನಿಗೆ ಹೋಗುತ್ತಿತ್ತು. ಪೆಟ್ರೋಲಿನಲ್ಲಿ ಸುಲಭವಾಗಿ ಕರಗದ, ಭಾರಿ ಬಿಸಿಯಲ್ಲೂ ಲೋಹದ ಮೈ ಬಿಡದ ಗುಣ ಅದಕ್ಕಿದೆ. ಆ ಇಂಜಿನ್ನುಗಳು ಎಣ್ಣೆಯನ್ನು ಉಗುಳುತ್ತಿದ್ದುದರಿಂದ ಪೈಲಟ್‌ಗಳ ಹೊಟ್ಟೆ ಕೆಡುತ್ತಿತ್ತು ಎಂಬ ಕಥೆಗೆ, ಹರಳೆಣ್ಣೆ ಕುಡಿಸಿಕೊಂಡ ಬಾಲ್ಯವಿದ್ದ ಯಾರೂ ಆಶ್ಚರ್ಯಪಡಲಾರರು. ಕ್ಯಾಸ್ಟ್ರಾಲ್ ಎಂಬ ಎಣ್ಣೆಯ ಹೆಸರು ಹುಟ್ಟಿದ್ದೂ ಹರಳೆಣ್ಣೆಯ ಇಂಗ್ಲಿಷ್ ಹೆಸರಿನಿಂದ. ಮೆಥನಾಲಿನಲ್ಲಿ ಇದು ಚೆನ್ನಾಗಿ ಕರಗುವುದರಿಂದ ನೈಟ್ರೋ ಇಂಧನದಲ್ಲಿ ಇಂದಿಗೂ ಸ್ಥಾನವಿದೆ. ಹೊಸ ಇಂಜಿನ್ ಪಳಗಿಸುವಾಗ ಹರಳೆಣ್ಣೆಯಿರುವ ಇಂಧನವನ್ನೇ ಆರಿಸುವವರು ಬಹಳ. ಹಾಗೆಂದು ಮನೆಯ ಬಾಟಲಿಯಿಂದ ಸುರಿಯಬಾರದು; ಇಂಜಿನ್ನಿಗೆ ಹೋಗುವುದು ಶುದ್ಧಗೊಳಿಸಿ ಅಂಟು ತೆಗೆದ ಎಣ್ಣೆ.

ಈಗ ಆಟಿಕೆ ಕಾರುಗಳಲ್ಲಿ ಲಿಥಿಯಂ ಬ್ಯಾಟರಿಯವೇ ಹೆಚ್ಚು. ಗುಂಡಿ ಒತ್ತಿದರೆ ಓಡುತ್ತವೆ, ಪಳಗಿಸುವ ಕಾಟವಿಲ್ಲ. ರಸ್ತೆಯ ಮೇಲೂ ಹೊಗೆಯ ನಿಯಮಗಳು ಬಿಗಿಯಾದಂತೆ ಎರಡು ಸ್ಟ್ರೋಕಿನ ಹೊಸ ಮೋಟಾರ್ ಸೈಕಲ್ಲುಗಳು ಇಲ್ಲವಾದವು. ಸದ್ದು ಕೇಳಿಯೇ ಕಾರ್ಬುರೇಟರಿನ ದೋಷ ಹೇಳುತ್ತಿದ್ದ ಮೆಕ್ಯಾನಿಕ್‌ಗಳು ಒಬ್ಬೊಬ್ಬರಾಗಿ ಅಂಗಡಿ ಮುಚ್ಚುತ್ತಿದ್ದಾರೆ. ನೈಟ್ರೋ ಕಾರು ಕೊಂಡ ಹುಡುಗನಿಗೆ ಅಂಥವರೊಬ್ಬರು ಊರಿನಲ್ಲಿ ಇದ್ದರೆ ಅದೃಷ್ಟ. ಹೊಗೆಯ ಬಣ್ಣ, ಸೂಜಿಯ ತಿರುವು, ಸದ್ದಿನ ಏರಿಳಿತ ಎಲ್ಲವನ್ನೂ ಅವರು ಬಲ್ಲರು. ‘ತಣ್ಣಗೆ ಓಡಿಸು’ ಎಂಬ ಒಂದು ಮಾತನ್ನು ಮಾತ್ರ ಅವರಿಂದ ಕೇಳಬಾರದು, ಅಷ್ಟೆ.

ಓಟ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಉಳಿದ ಇಂಧನ ಉರಿದುಹೋಗುವವರೆಗೆ ಇಂಜಿನ್ ಓಡಿಸಿ ನಿಲ್ಲಿಸಬೇಕು. ಮೆಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಮಲೆನಾಡಿನ ಅಂಚಿನ ಮಳೆಗಾಲದಲ್ಲಿ ಒಳಗಿನ ಬೇರಿಂಗುಗಳಿಗೆ ತುಕ್ಕು ಹಿಡಿಯಲು ಒಂದು ವಾರ ಸಾಕು. ಪ್ಲಗ್ಗಿನ ತೂತಿನಿಂದ ನಾಲ್ಕು ಹನಿ ಎಣ್ಣೆ ಬಿಟ್ಟು ಒಮ್ಮೆ ತಿರುಗಿಸಿ. ಕಡೆಯದಾಗಿ, ಇಂಜಿನ್ ಇನ್ನೂ ಬಿಸಿಯಿರುವಾಗಲೇ ಫ್ಲೈವೀಲನ್ನು ಕೈಯಿಂದ ತಿರುಗಿಸಿ ಪಿಸ್ಟನ್ನನ್ನು ಕೆಳತುದಿಗೆ ತಂದು ಬಿಡಬೇಕು. ಮೇಲ್ತುದಿಯಲ್ಲಿ ಬಿಟ್ಟರೆ ತಣಿಯುವ ಹಿತ್ತಾಳೆ ಗಾಡಿಚಕ್ರದ ಪಟ್ಟಿಯಂತೆ ಅದನ್ನು ಅಪ್ಪಿ ಹಿಡಿಯುತ್ತದೆ. ಮರುದಿನ ಹಗ್ಗ ಮತ್ತೆ ಅರ್ಧಕ್ಕೇ ನಿಲ್ಲುತ್ತದೆ. ಪಿಸ್ಟನ್ ಕೆಳಗಿದ್ದಾಗ ಫ್ಲೈವೀಲಿನ ಮೇಲ್ಭಾಗಕ್ಕೆ ಬಣ್ಣದ ಒಂದು ಚುಕ್ಕೆ ಇಟ್ಟುಕೊಂಡರೆ ಪ್ರತಿ ಸಲ ಊಹಿಸುವ ಕಷ್ಟವಿರುವುದಿಲ್ಲ.